ಗಚ್ಚಿಬೌಲಿಯಿಂದ ಬೀದರಿಗೆ, ಎರಡು ಬ್ಯಾಟರಿ ಹೊತ್ತು

ಶನಿವಾರ ಬೆಳಿಗ್ಗೆ ಐದೂವರೆಗೆ ಗಚ್ಚಿಬೌಲಿ ಬೇರೆಯದೇ ಊರು. ಹಿಂದಿನ ರಾತ್ರಿ ಹತ್ತರವರೆಗೂ ಹಾರ್ನ್ ಹೊಡೆದುಕೊಂಡು ನಿಂತಿದ್ದ ಜಂಕ್ಷನ್ ಖಾಲಿ. ಇರಾನಿ ಚಹಾದ ಅಂಗಡಿ ಮುಂದೆ ನೈಟ್ ಶಿಫ್ಟ್ ಮುಗಿಸಿದ ನಾಲ್ಕು ಹುಡುಗರು ಕುತ್ತಿಗೆಯ ಐಡಿ ಕಾರ್ಡ್ ತೆಗೆಯುವುದನ್ನೂ ಮರೆತು ನಿಂತಿರುತ್ತಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ಕಡೆಯಿಂದ ಒಮ್ಮೊಮ್ಮೆ ನವಿಲು ಕೂಗುವುದೂ ಕೇಳಿಸುತ್ತದೆ. ಈ ಹೊತ್ತಿನಲ್ಲಿ ಹೊರಟರೆ ನಾನಕ್‌ರಾಮ್‌ಗುಡದಲ್ಲಿ ಔಟರ್ ರಿಂಗ್ ರೋಡ್ ಹತ್ತಿ, ಕೊಲ್ಲೂರು ದಾಟಿ, ಮುತ್ತಂಗಿಯಲ್ಲಿ ಇಳಿದು, ಒಂಬತ್ತು ಗಂಟೆಯ ಒಳಗೆ ಬೀದರಿನ ನಮ್ಮ ಮನೆಯಲ್ಲಿ ಅಮ್ಮ ತಟ್ಟಿದ ಜೋಳದ ರೊಟ್ಟಿ ತಿನ್ನಬಹುದು. ಒಟ್ಟು ಸುಮಾರು 130 ಕಿಲೋಮೀಟರ್. ಬೆಂಗಳೂರಿನಲ್ಲಿರುವ ಬೀದರಿನವರು ಊರಿಗೆ ಹೋಗಲು ಒಂದಿಡೀ ರಾತ್ರಿ ಬೇಕು. ನಾವು ಪರರಾಜ್ಯದಲ್ಲಿದ್ದೂ ಊರಿಗೆ ಹತ್ತಿರ.

ಇದು ಹೊಸ ನಂಟೇನಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜಂದಿರಿಗೆ ಕಚೇರಿ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಹೈದರಾಬಾದೇ ಗತಿ. ಆಗ ಬಂದವರು ಕಾಚಿಗುಡದ ಸುತ್ತ ನೆಲೆಸಿದರು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಲ್ಲ ಆ ಕಡೆಯೇ. ನಮ್ಮ ತಲೆಮಾರು ಬಂದದ್ದು ಕಂಪ್ಯೂಟರ್ ಹಿಡಿದುಕೊಂಡು, ಊರಿನ ಪಶ್ಚಿಮದ ಅಂಚಿಗೆ. ಗಚ್ಚಿಬೌಲಿ ಎಂಬ ಹೆಸರು ನನ್ನ ಬೀದರಿನ ಕಿವಿಗೆ ಗಚ್ಚು ಹಾಕಿ ಕಟ್ಟಿದ ಬಾವಿ ಎಂದೇ ಕೇಳಿಸುತ್ತದೆ. ಹನ್ನೆರಡು ವರ್ಷದಲ್ಲಿ ಬಾವಿ ಮಾತ್ರ ಒಂದೂ ಕಣ್ಣಿಗೆ ಬಿದ್ದಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ.

ನಾನು ಹೇಳಹೊರಟದ್ದು ಈ 130 ಕಿಲೋಮೀಟರ್ ದಾರಿಯಲ್ಲಿ ಕಲಿತ ಒಂದು ಪಾಠ. ಅದು ಕಾರಿನ ಬ್ಯಾಟರಿಯ ಪಾಠ. ಊರಿಗೆ ವಯಸ್ಸಾದವರನ್ನು ಕರೆದುಕೊಂಡು ಓಡಾಡುವ ನಿಮಗೂ ಉಪಯೋಗಕ್ಕೆ ಬಂದೀತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮೂರು ತಿಂಗಳಿಗೊಮ್ಮೆ ಇಲ್ಲಿಗೆ ಬಂದು ವೈದ್ಯರಿಗೆ ತೋರಿಸಿ, ಮೂರು ತಿಂಗಳ ಇನ್ಸುಲಿನ್ ಒಟ್ಟಿಗೇ ತೆಗೆದುಕೊಂಡು ಹೋಗುವುದು ನಮ್ಮ ಪದ್ಧತಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಮೊದಲು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಒಯ್ಯುತ್ತಿದ್ದೆವು. ಒಮ್ಮೆ ಐಸಿಗೆ ತಾಗಿಕೊಂಡಿದ್ದ ಎರಡು ಡಬ್ಬಿ ಗಟ್ಟಿಯಾಗಿ, ಹಾಗೇ ಎಸೆಯಬೇಕಾಯಿತು. ಅಷ್ಟಕ್ಕೇ ನಾನು ಜಾಣನಾಗಿ ಹನ್ನೆರಡು ವೋಲ್ಟಿನ ಕಾರ್ ಫ್ರಿಜ್ ಒಂದನ್ನು ಕೊಂಡೆ. ಹಿಂದಿನ ಸೀಟಿನ ಕೆಳಗೆ ಕೂರುವ ಪುಟ್ಟ ಕಂಪ್ರೆಸರ್ ಫ್ರಿಜ್. 45 ವ್ಯಾಟ್, ಅಂದರೆ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ನಮ್ಮ ಕಾರಿನ ಲೈಟರ್ ಸಾಕೆಟ್ಟಿಗೆ ಕೀಲಿ ತೆಗೆದ ಮೇಲೂ ಕರೆಂಟ್ ಇರುತ್ತದೆ. ಅದನ್ನು ಅನುಕೂಲ ಎಂದುಕೊಂಡಿದ್ದೆ.

ಫ್ರಿಜ್ಜಿನಲ್ಲೇ ಒಂದು ಕಾವಲು ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಇಷ್ಟಕ್ಕೆ ಇಳಿದರೆ ತಾನೇ ಆಫ್ ಆಗುವಂತೆ ಹೈ, ಮೀಡಿಯಂ, ಲೋ ಎಂದು ಮೂರು ಮಟ್ಟ. ಹೈನಲ್ಲಿಟ್ಟರೆ ಫ್ರಿಜ್ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಏಕೆಂದರೆ ಲೈಟರ್ ಸಾಕೆಟ್ಟಿನ ವೈರು ತೆಳು. ಬ್ಯಾಟರಿಯಲ್ಲಿ 12.5 ಇದ್ದರೂ ಫ್ರಿಜ್ಜಿಗೆ ತಲುಪುವಾಗ 11.9 ಆಗಿರುತ್ತಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ. ಲೋಗೆ ಇಳಿಸಿದೆ, ಸರಿಹೋಯಿತು ಎಂದುಕೊಂಡೆ. ಕಾವಲುಗಾರನನ್ನು ನಾನೇ ಮಲಗಿಸಿದ್ದೆ.

ಹೋದ ವರ್ಷದ ಮೇ ತಿಂಗಳು. ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಫ್ರಿಜ್ ಚಾಲೂ ಇಟ್ಟು, ಅಮ್ಮನನ್ನು ಕರೆದುಕೊಂಡು ಮೇಲೆ ಹೋದೆ. ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಸರದಿ ಎಲ್ಲ ಮುಗಿದು ಇಳಿದಾಗ ಒಂದು ಗಂಟೆ. ಔಷಧ ಕೈಚೀಲದಲ್ಲೇ ಇಟ್ಟುಕೊಂಡು ಮೇಲೆ ಹೋಗಬಹುದಿತ್ತು. ಹೊಳೆಯಲಿಲ್ಲ. ಕಾರು ಸ್ಟಾರ್ಟ್ ಆಗುವಾಗ ಸ್ವಲ್ಪ ಎಳೆಯಿತು. ಬಿಸಿಲಿಗೆ ಹೀಗೆ ಎಂದುಕೊಂಡು ಹೊರಟೆ. ಕಂದಿಯ ಐಐಟಿ ದಾಟಿ, ಸಂಗಾರೆಡ್ಡಿ ದಾಟಿ, ಸದಾಶಿವಪೇಟೆಯ ಆಚೆ ಒಂದು ಧಾಬಾ. ಹೊರಗೆ ಬೆಂಕಿಯಂಥ ಬಿಸಿಲು. ಅಮ್ಮ ಊಟ ಮಾಡಿ, ಬೇವಿನ ಮರದ ಕೆಳಗಿನ ಹಗ್ಗದ ಮಂಚದಲ್ಲಿ ಕಣ್ಣು ಮುಚ್ಚಿದರು. ಎಬ್ಬಿಸಲು ಮನಸ್ಸಾಗದೆ ಎರಡು ಗಂಟೆ ಕಳೆಯಿತು. ಕಾರು ಬಿಸಿಲಲ್ಲೇ ನಿಂತಿತ್ತು. ಒಳಗೆ ಫ್ರಿಜ್ ಬಿಡುವಿಲ್ಲದೆ ಓಡುತ್ತಿತ್ತು.

ಕೀಲಿ ತಿರುಗಿಸಿದೆ. ಟಕ ಟಕ ಟಕ ಟಕ. ಅಷ್ಟೇ.

ಆ ಸದ್ದು ಏನೆಂದು ಆಮೇಲೆ ತಿಳಿಯಿತು. ಸ್ಟಾರ್ಟರ್ ಮೋಟಾರಿನ ದಪ್ಪ ಸ್ವಿಚ್ ಮುಚ್ಚಿಕೊಳ್ಳುವಷ್ಟು ಶಕ್ತಿ ಬ್ಯಾಟರಿಯಲ್ಲಿ ಇದೆ, ಮೋಟಾರನ್ನು ತಿರುಗಿಸುವಷ್ಟು ಇಲ್ಲ. ಮುಚ್ಚಿದ ಕೂಡಲೇ ಮೋಟಾರು ನೂರಾರು ಆಂಪಿಯರ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೆ ಬಂದು ಮತ್ತೆ ಮುಚ್ಚುತ್ತದೆ. ಸೆಕೆಂಡಿಗೆ ಹಲವು ಸಲ.

ಧಾಬಾದಲ್ಲಿ ನಿಂತಿದ್ದ ಲಾರಿಯವರನ್ನು ಕೇಳಿದೆ. ಚಾಲಕರು ವಯಸ್ಸಾದವರು. ನಾನು ಜಂಪರ್ ವೈರ್ ಹಿಡಿದು ಅವರ ಬ್ಯಾಟರಿ ಪೆಟ್ಟಿಗೆಯತ್ತ ನಡೆದದ್ದೇ ತಡ, ಕೈ ಹಿಡಿದು ನಿಲ್ಲಿಸಿದರು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಇರುವುದು ಒಂದರ ಬೆನ್ನಿಗೊಂದು ಜೋಡಿಸಿ 24 ವೋಲ್ಟ್ ಮಾಡಲು. ಅದನ್ನು ಹಾಗೇ ನಮ್ಮ 12 ವೋಲ್ಟಿನ ಕಾರಿಗೆ ಕೊಟ್ಟರೆ ಕಾರಿನೊಳಗಿನ ಕಂಪ್ಯೂಟರ್‌ಗಳು ಸುಟ್ಟುಹೋಗುತ್ತವೆ. ಅವರು ಲಾರಿಯ ಎಂಜಿನ್ ಆಫ್ ಮಾಡಿದರು. ಎರಡರಲ್ಲಿ ಯಾವುದರ ನೆಗೆಟಿವ್ ಚಾಸಿಗೆ ಹೋಗಿದೆ ಎಂದು ಬೆರಳಿನಿಂದ ವೈರು ಹಿಡಿದು ನೋಡಿದರು. ಆ ಒಂದು ಬ್ಯಾಟರಿಯಿಂದ ಮಾತ್ರ ನಮಗೆ ಕೊಟ್ಟರು. ಕೆಂಪು ವೈರು ಮೊದಲು. ಕಪ್ಪಿನ ಕೊನೆಯ ತುದಿ ನಮ್ಮ ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ ಲೋಹಕ್ಕೆ. ಐದು ನಿಮಿಷ ಕಾದು ಕೀಲಿ ತಿರುಗಿಸಿದೆ. ಹೊರಟಿತು. ಚಹಾದ ದುಡ್ಡನ್ನೂ ಅವರು ಮುಟ್ಟಲಿಲ್ಲ.

ಫ್ರಿಜ್ ಅಷ್ಟರಲ್ಲಿ ತಾನೇ ನಿಂತಿತ್ತು. ಮುಚ್ಚಳ ತೆಗೆಯದಿದ್ದರಿಂದ ಔಷಧ ಉಳಿಯಿತು. ಉಳಿಯದೇ ಹೋದದ್ದು ಅಮ್ಮನ ಧೈರ್ಯ. ಆ ಒಂದೂಕಾಲು ಗಂಟೆ ಅವರು ಬೇವಿನ ಮರದ ಕೆಳಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿದ್ದರು. ರಾತ್ರಿ ಮನೆಗೆ ಬಂದ ಮೇಲೆ ಹೇಳಿದರು: "ಇನ್ನ ನಾ ಬರಂಗಿಲ್ಲಪಾ. ಇಲ್ಲೇ ಯಾರಾರ ಡಾಕ್ಟರಿಗಿ ತೋರಿಸ್ಕೋತೀನಿ. ಈ ವಯಸ್ಸಿನಾಗ ದಾರಿ ಮ್ಯಾಲ ಕೂಡಾಕ ಆಗಂಗಿಲ್ಲ."

ಅವರು ಸಿಟ್ಟಿನಿಂದ ಹೇಳಿದ್ದರೆ ಪರವಾಗಿರಲಿಲ್ಲ. ತಣ್ಣಗೆ ಹೇಳಿದರು. ಅಮ್ಮ ಗಚ್ಚಿಬೌಲಿಗೆ ಬರುವುದು ಔಷಧಕ್ಕೆ ಮಾತ್ರ ಅಲ್ಲ. ಆ ನೆಪದಲ್ಲಿ ಮೊಮ್ಮಗಳ ಜೊತೆ ವಾರ ಇರುತ್ತಾರೆ. ಅವಳಿಗೆ ಬೀದರಿನ ಕನ್ನಡ ಬರುವುದಿದ್ದರೆ ಆ ವಾರಗಳಿಂದಲೇ. "ಅದಾ", "ಹೋಗಮಿ" ಎಂದು ಅವಳು ಅಂದರೆ ಶಾಲೆಯ ಗೆಳತಿಯರಿಗೆ ಅದು ಯಾವ ಭಾಷೆ ಎಂದೇ ತಿಳಿಯುವುದಿಲ್ಲ. ಒಂದು ಬ್ಯಾಟರಿಗಾಗಿ ಅದು ನಿಂತುಹೋಗುವುದು ನನಗೆ ಸರಿ ಕಾಣಲಿಲ್ಲ.

ಗಚ್ಚಿಬೌಲಿಯಲ್ಲಿ ಏರ್‌ಬಸ್ಸಿನಷ್ಟು ದೊಡ್ಡ ಕಟ್ಟಡ ಸಿಗುತ್ತದೆ, ಕಾರಿನ ವೈರು ಮುಟ್ಟುವವರು ಸಿಗುವುದು ಕಷ್ಟ. ಹಳೇ ಮುಂಬಯಿ ಹೆದ್ದಾರಿಯಲ್ಲಿ ಲಿಂಗಂಪಲ್ಲಿ ಕಡೆಗೆ ಹೋಗುತ್ತ ಇದ್ದರೆ ಕಟ್ಟಡಗಳ ಎತ್ತರ ಇಳಿಯುತ್ತದೆ, ಪಂಕ್ಚರ್ ಅಂಗಡಿ, ಸೀಟ್ ಕವರ್ ಅಂಗಡಿ, ಬ್ಯಾಟರಿ ಅಂಗಡಿ ಶುರುವಾಗುತ್ತವೆ. ಅಲ್ಲೊಂದು ತಗಡಿನ ಶೆಡ್ಡಿನಲ್ಲಿ ಉಸ್ತಾದ್ ಸಿಕ್ಕರು. ಆಂಬುಲೆನ್ಸ್‌ಗಳಿಗೆ ವೈರಿಂಗ್ ಮಾಡಿ ಅಭ್ಯಾಸ ಇದ್ದವರು. ಬೀದರ್ ಎಂದ ಕೂಡಲೇ ದಖನಿಯಲ್ಲಿ ಮಾತು ಶುರುವಾಯಿತು. ಅವರ ತಾಯಿಯ ತವರು ಹುಮನಾಬಾದ್.

ನಾನು ಮನೆಯಲ್ಲೇ ಯೋಚಿಸಿ ಹೋಗಿದ್ದೆ: ಡಿಕ್ಕಿಯಲ್ಲಿ ಇನ್ನೊಂದು ಬ್ಯಾಟರಿ ಇಟ್ಟು, ಮುಂದಿನದಕ್ಕೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿಬಿಡಿ, ದುಪ್ಪಟ್ಟು ಆಗುತ್ತದಲ್ಲ? ಉಸ್ತಾದ್ ತಲೆ ಅಲ್ಲಾಡಿಸಿದರು. "ನಕ್ಕೋ ಸಾಬ್." ಹಾಗೆ ಜೋಡಿಸಿದರೆ ಅವು ಎರಡಲ್ಲ, ಒಂದೇ. ಫ್ರಿಜ್ ಎರಡನ್ನೂ ಒಟ್ಟಿಗೆ ಕುಡಿದು ಮುಗಿಸುತ್ತದೆ. ನಾಲ್ಕು ಗಂಟೆಗೆ ನಿಲ್ಲುವ ಕಾರು ಎಂಟು ಗಂಟೆಗೆ ನಿಲ್ಲುತ್ತದೆ, ಅಷ್ಟೇ ಫರಕು. ಅದೂ ಅಲ್ಲದೆ ಹಳೆಯದು, ಹೊಸದು ಸದಾ ಜೋಡಿಯಾಗಿದ್ದರೆ ಸೊರಗಿದ್ದು ಗಟ್ಟಿಯದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಮುದಿ ಎತ್ತು, ಹೋರಿ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ.

ಬೇಕಾದದ್ದು ಇಷ್ಟು: ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಕೂಡಿರಬೇಕು, ಆಗ ಆಲ್ಟರ್ನೇಟರ್ ಎರಡಕ್ಕೂ ಉಣಿಸುತ್ತದೆ. ಎಂಜಿನ್ ನಿಂತಾಗ ಬೇರೆಯಾಗಬೇಕು, ಆಗ ಫ್ರಿಜ್ ಹಿಂದಿನದನ್ನು ಮಾತ್ರ ತಿನ್ನುತ್ತದೆ. ಈ ಕೂಡಿಸುವ, ಬಿಡಿಸುವ ಕೆಲಸ ಮಾಡುವುದೇ ಬ್ಯಾಟರಿ ಐಸೊಲೇಟರ್ ರಿಲೇ.

ಅವರು ಮಲ್ಟಿಮೀಟರ್ ತಂದು ತೋರಿಸಿದರು. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲದ ಬ್ಯಾಟರಿ ಸುಮ್ಮನಿರುವಾಗ 12.6, 12.7 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 11.9ಕ್ಕೆ ಬಂತೆಂದರೆ ಬಹುತೇಕ ಬರಿದು. ಎಂಜಿನ್ ಓಡುವಾಗ ಅದೇ ಜಾಗದಲ್ಲಿ 14ರ ಆಸುಪಾಸು ಇರುತ್ತದೆ, ಏಕೆಂದರೆ ಆಗ ಮಾತಾಡುತ್ತಿರುವುದು ಆಲ್ಟರ್ನೇಟರ್. ಹಾಗಾಗಿ ವೋಲ್ಟೇಜ್ ನೋಡಿಯೇ ಎಂಜಿನ್ ಓಡುತ್ತಿದೆಯೋ ಇಲ್ಲವೋ ಹೇಳಬಹುದು. ಈ ತತ್ವದ ಮೇಲೆ ಕೆಲಸ ಮಾಡುವ ರಿಲೇಯೇ ವೋಲ್ಟೇಜ್ ನೋಡುವ ರಿಲೇ, ಅಂಗಡಿಯವರ ಬಾಯಲ್ಲಿ ವಿಎಸ್‌ಆರ್. ನಾವು ಹಾಕಿಸಿದ್ದು 13.3 ವೋಲ್ಟಿಗೆ ಕೂಡುತ್ತದೆ, 12.8ಕ್ಕೆ ಇಳಿದರೆ ಬಿಡುತ್ತದೆ. ಎರಡರ ನಡುವೆ ಅರ್ಧ ವೋಲ್ಟ್ ಅಂತರ ಇರುವುದು ಬೇಕೆಂದೇ. ಇಲ್ಲದಿದ್ದರೆ ಗಡಿಯಲ್ಲಿ ನಿಂತು ಟಕ ಟಕ ಎಂದು ಕುಣಿಯುತ್ತದೆ.

ಕೀಲಿ ತಿರುಗಿಸಿದ ಕೂಡಲೇ ಕೂಡುವ ಸಾದಾ ರಿಲೇಯೂ ಉಂಟು, ಅಗ್ಗ. ಅದರ ತೊಂದರೆ ಏನೆಂದರೆ, ಸ್ಟಾರ್ಟ್ ಮಾಡುವ ಕ್ಷಣದಲ್ಲೇ ಎರಡೂ ಕೂಡಿರುತ್ತವೆ. ಆಗ ಸ್ಟಾರ್ಟರಿನ ನೂರಾರು ಆಂಪಿಯರ್ ಡಿಕ್ಕಿಯಿಂದ ಬರುವ ವೈರಿನಲ್ಲೂ ನುಗ್ಗಿ ಫ್ಯೂಸ್ ಹಾರಿಸುತ್ತದೆ. ಆದ್ದರಿಂದ ಆಲ್ಟರ್ನೇಟರಿನ ಚಾರ್ಜ್ ದೀಪದ ತುದಿಯಿಂದಲೋ ವೋಲ್ಟೇಜ್ ನೋಡಿಯೋ ಕೂಡಿಸುವುದು ಒಳ್ಳೆಯದು. ರಿಲೇ ಬದಲು ಡಯೋಡ್ ಹಾಕುವುದೂ ಇದೆ. ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಚಲಿಸುವ ಭಾಗವೇ ಇಲ್ಲ. ಆದರೆ ಸಾದಾ ಸಿಲಿಕಾನ್ ಡಯೋಡ್ ದಾಟುವಾಗ ಸುಮಾರು 0.7 ವೋಲ್ಟ್ ತೆರಿಗೆ ಕಟ್ಟಬೇಕು. 14.2 ಹೊರಟದ್ದು 13.5 ಆಗಿ ತಲುಪಿದರೆ ಬ್ಯಾಟರಿ ಎಂದೂ ಹೊಟ್ಟೆ ತುಂಬ ಉಣ್ಣುವುದಿಲ್ಲ.

ಇಡೀ ಕೆಲಸ ಒಂದು ಮಧ್ಯಾಹ್ನ ಹಿಡಿಯಿತು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಡಿಕ್ಕಿಯಲ್ಲಿ 42 ಆಂಪಿಯರ್-ಅವರಿನ ಸೀಲ್ ಆದ ಎಜಿಎಂ ಬ್ಯಾಟರಿ. ನೀರು ಹಾಕುವ ಸಾದಾ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದನ್ನು ಜನ ಕೂರುವ ಜಾಗದಲ್ಲಿ ಇಡಬಾರದು. ಮುಂದಿನ ಬ್ಯಾಟರಿಯ ತಟ್ಟೆಗಳು ತೆಳು, ಹೆಚ್ಚು. ಎರಡು ಸೆಕೆಂಡ್ ಭಾರೀ ಕರೆಂಟ್ ಕೊಟ್ಟು ಸುಮ್ಮನಾಗುವುದಕ್ಕೆ ಹುಟ್ಟಿದ್ದು ಅದು. ನಿಧಾನವಾಗಿ ಗಂಟೆಗಟ್ಟಲೆ ಹೀರಿದರೆ ಬೇಗ ಸಾಯುತ್ತದೆ. ಗಂಟೆಗಟ್ಟಲೆ ಕೊಡಲು ದಪ್ಪ ತಟ್ಟೆಯದು ಬೇಕು, ಮನೆಯ ಇನ್ವರ್ಟರ್ ಬ್ಯಾಟರಿಯ ಜಾತಿ.

ಮುಂದಿನಿಂದ ಹಿಂದಕ್ಕೆ ಐದು ಮೀಟರ್ ತಾಮ್ರದ ಕೇಬಲ್, 16 ಚದರ ಮಿಲಿಮೀಟರ್ ದಪ್ಪ. ಇಷ್ಟು ದಪ್ಪ ಯಾಕೆ ಎಂದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು. 30 ಆಂಪಿಯರ್ ಹರಿದರೆ ಈ ಕೇಬಲಿನಲ್ಲಿ ಕಳೆದುಹೋಗುವುದು 0.16 ವೋಲ್ಟ್. ಮನೆಯ ವೈರಿಂಗಿನ 2.5 ಚದರ ಮಿಲಿಮೀಟರ್ ಹಾಕಿದ್ದರೆ ಒಂದು ವೋಲ್ಟಿಗಿಂತ ಹೆಚ್ಚು, ಜೊತೆಗೆ ವೈರು ಕಾಯುವ ಭಯ. ಕೇಬಲಿನ ಎರಡೂ ತುದಿಗೆ, ಬ್ಯಾಟರಿಯ ಪಕ್ಕದಲ್ಲೇ, 60 ಆಂಪಿಯರಿನ ಫ್ಯೂಸ್. ಒಂದೇ ಸಾಕಲ್ಲವೇ? ಸಾಲದು. ಎರಡು ತುದಿಯಲ್ಲೂ ಬ್ಯಾಟರಿ ಇದೆ. ನಡುವೆ ಎಲ್ಲಾದರೂ ಕೇಬಲ್ ಉಜ್ಜಿ ಚಾಸಿಗೆ ತಾಗಿದರೆ ಎರಡೂ ಕಡೆಯಿಂದ ಬೆಂಕಿಗೆ ಕರೆಂಟ್ ಬರುತ್ತದೆ. ಈ ಮಾತನ್ನು ಉಸ್ತಾದ್ ಮೂರು ಸಲ ಹೇಳಿದರು. ಆಮೇಲೆ ಫ್ರಿಜ್ಜಿಗೆ ಹಿಂದಿನ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು, ಬೇರೆ ಫ್ಯೂಸ್. ಈಗ ಫ್ರಿಜ್ಜಿನ ಕಾವಲನ್ನು ಹೈನಲ್ಲೇ ಇಟ್ಟಿದ್ದೇನೆ, ಸುಮ್ಮನೆ ನಿಲ್ಲುವುದಿಲ್ಲ.

ಮುಂದಿನದು ಸತ್ತರೆ ಹಿಂದಿನದರಿಂದ ಸ್ಟಾರ್ಟ್ ಮಾಡಲು ಒಂದು ಗುಂಡಿ ಇಟ್ಟುಕೊಡಿ ಎಂದೆ. ಕೆಲವು ರಿಲೇಗಳಲ್ಲಿ ಅದು ಇರುತ್ತದೆ. ಉಸ್ತಾದ್ ಒಪ್ಪಲಿಲ್ಲ. ಆ ಕೆಲಸಕ್ಕೆ ಕೇಬಲ್, ಫ್ಯೂಸ್, ರಿಲೇ ಎಲ್ಲವೂ ಸ್ಟಾರ್ಟರ್ ಕರೆಂಟ್ ತಡೆಯುವಂತಿರಬೇಕು. ಈ ಸಾಮಾನಿಗೆ ಆ ಗುಂಡಿ ಹಾಕಿದರೆ ಫ್ಯೂಸ್ ಸುಡುವುದೇ ಲಾಭ.

ಕೊನೆಗೆ ಎಂಜಿನ್ ಶುರು ಮಾಡಿದರು. ಕೆಲವು ಸೆಕೆಂಡ್ ಏನೂ ಇಲ್ಲ. ಆಮೇಲೆ ಬಾನೆಟ್ಟಿನ ಒಳಗಿಂದ ಒಂದೇ ಒಂದು 'ಟಕ್'. ಡಿಕ್ಕಿಯ ಮೀಟರ್ 12.5ರಿಂದ ಮೇಲೇರಿತು.

ಜುಲೈನಲ್ಲಿ ಒಬ್ಬನೇ ಊರಿಗೆ ಹೊರಟೆ, ಪರೀಕ್ಷೆ ಮಾಡಲು. ಔಟರ್ ರಿಂಗ್ ರೋಡ್ ಬಿಟ್ಟು ಬೇಕೆಂದೇ ಹಳೇ ದಾರಿ ಹಿಡಿದೆ. ಬಿಎಚ್‌ಇಎಲ್ ಟೌನ್‌ಶಿಪ್ಪಿನ ಮರಗಳ ಸಾಲು, ಆಮೇಲೆ ಪಟಾನ್‌ಚೆರುವಿನ ಇಕ್ರಿಸ್ಯಾಟ್. 1972ರಿಂದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾದ ಮೇಲೆ ಜಗತ್ತಿಗೇ ಸಂಶೋಧನೆ ಮಾಡುತ್ತಿರುವ ಸಂಸ್ಥೆ. ಆ ಪಟ್ಟಿ ನೋಡಿದರೆ ನಮ್ಮ ಅಮ್ಮನ ಅಡಿಗೆಮನೆಯ ಡಬ್ಬಿಗಳೇ. ಅದೇ ಧಾಬಾದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಫ್ರಿಜ್ ಚಾಲೂ ಇಟ್ಟು ಮೂರು ಗಂಟೆ ಕೂತೆ. ಧಾಬಾದವರಿಗೆ ನನ್ನ ಗುರುತು ಸಿಕ್ಕಿತು, ತಲೆ ಕೆಟ್ಟವನೆಂದುಕೊಂಡಿರಬೇಕು. ಮೀಟರ್ ಇಟ್ಟು ನೋಡಿದೆ. ಹಿಂದಿನದು 12.3. ಮುಂದಿನದು 12.6, ಅಲುಗಾಡಿಲ್ಲ. ಕೀಲಿ ತಿರುಗಿಸಿದರೆ ಅರ್ಧ ಸೆಕೆಂಡಿಗೆ ಹೊರಟಿತು.

ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದರೆ ನೆಲ ಕೆಂಪಾಗುತ್ತದೆ. ಬೀದರ್ ಕೂತಿರುವುದು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ, ಕೋಟೆಯೂ ಅದೇ ಕಲ್ಲಿನದು. ಅಂಗಡಿ ಬೋರ್ಡುಗಳಲ್ಲಿ ತೆಲುಗು ಹೋಗಿ ಕನ್ನಡ ಬರುವ ಆ ಒಂದೆರಡು ಕಿಲೋಮೀಟರ್ ದಾಟುವಾಗ ಪ್ರತಿ ಸಲವೂ ಎದೆ ಸ್ವಲ್ಪ ಹಗುರಾಗುತ್ತದೆ. ನಿಮಗೂ ಆಗುತ್ತಿರಬೇಕು.

ರಾತ್ರಿ ಅಮ್ಮನ ಮುಂದೆ ಕೂತು ರಿಲೇಯ ಕತೆ ಹೇಳಿದೆ. ವೋಲ್ಟ್, ಆಂಪಿಯರ್ ಎಲ್ಲ ಬಿಡಿಸಿ ಹೇಳುತ್ತಿದ್ದರೆ ಅವರು ಅರ್ಧದಲ್ಲೇ ತಡೆದರು. "ಅದಕ್ಯಾಕ ಇಷ್ಟ ಮಾತು? ಕುಡಿಯೋ ನೀರಿನ ಕೊಡ ಬ್ಯಾರೆ, ಬಳಸೋ ನೀರಿನ ಹಂಡೆ ಬ್ಯಾರೆ. ನೀರು ಬಂದಾಗ ಎರಡೂ ತುಂಬ್ಕೋಬೇಕು. ನೀರು ಹೋದ ಮ್ಯಾಲ ಕುಡಿಯೋ ಕೊಡಕ್ಕ ಯಾರೂ ಕೈ ಹಾಕಬಾರದು. ಇಷ್ಟೇ ಅದಾ ಇಲ್ಲೋ?"

ಇಷ್ಟೇ. ನಾಲ್ಕು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ನೋಡಿದ ಮನೆಯವರಿಗೆ ಇದನ್ನು ಇಂಜಿನಿಯರ್ ಮಗ ಹೇಳಿಕೊಡಬೇಕಾಗಿರಲಿಲ್ಲ. ನಮ್ಮೂರಿನ ನೆಲದಡಿಯಲ್ಲೇ ಬಹಮನಿ ಕಾಲದ ಕರೇಜ್ ಸುರಂಗಗಳಿವೆ, ನೀರನ್ನು ಜೋಪಾನವಾಗಿ ಊರಿಗೆ ತರಲು ಕೊರೆದದ್ದು. ಎಷ್ಟು ಇದೆ ಎನ್ನುವುದಕ್ಕಿಂತ ಯಾವುದು ಯಾವುದಕ್ಕೆ ಎಂದು ಬೇರೆ ಮಾಡಿ ಇಡುವುದು ನಮ್ಮವರಿಗೆ ಹಳೆಯ ವಿದ್ಯೆ. ಗಚ್ಚಿಬೌಲಿಗೆ ಬಂದು ನಾವು ಮರೆತದ್ದು ಅದನ್ನೇ ಇರಬೇಕು. ಸಂಬಳ, ನಿದ್ದೆ, ಭಾನುವಾರ ಎಲ್ಲ ಒಂದೇ ಕೊಡದಿಂದ ಮೊಗೆದು ಖರ್ಚು ಮಾಡುತ್ತೇವೆ. ಊರಿಗೆ ಹೊರಡಬೇಕಾದ ದಿನ ಕೀಲಿ ತಿರುಗಿಸಿದರೆ ಟಕ ಟಕ.

ಓದಿ ನಿಮಗೂ ಹಾಕಿಸುವ ಮನಸ್ಸಾದರೆ ಎರಡು ಮೂರು ಎಚ್ಚರಿಕೆ. ನನ್ನದು 2018ರ ಪೆಟ್ರೋಲ್ ಕಾರು, ಅದರ ಆಲ್ಟರ್ನೇಟರ್ ಸದಾ 14ರ ಆಸುಪಾಸು ಕೊಡುತ್ತದೆ, ಹಾಗಾಗಿ ರಿಲೇ ಸಾಕಾಯಿತು. ಈಚಿನ ಹಲವು ಬಿಎಸ್-6 ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರ್ ಆಲ್ಟರ್ನೇಟರಿನ ವೋಲ್ಟೇಜನ್ನು ಏರಿಳಿಸುತ್ತದೆ. ಓಡುವಾಗಲೇ 12.5ಕ್ಕೆ ಇಳಿದರೆ ರಿಲೇ ಎಂಜಿನ್ ನಿಂತಿದೆ ಎಂದು ತಿಳಿದು ಬಿಟ್ಟುಬಿಡುತ್ತದೆ, ಹಿಂದಿನ ಬ್ಯಾಟರಿ ಉಪವಾಸ. ಅಂಥ ಕಾರಿಗೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದು ಬಂದ ವೋಲ್ಟೇಜನ್ನು ತಾನೇ ಏರಿಸಿ ಅಳತೆ ಮಾಡಿ ಉಣಿಸುತ್ತದೆ. ಹಿಂದೆ ಲಿಥಿಯಂ ಬ್ಯಾಟರಿ ಇಡುವುದಾದರೂ ಅದೇ ಬೇಕು. ಲಿಥಿಯಂ ಸಂಕೋಚವಿಲ್ಲದೆ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದುಹೋಗುತ್ತದೆ. ಮುಂದಿನ ಬ್ಯಾಟರಿಯ ಮೈನಸ್ ತುದಿಯಲ್ಲಿ ಪುಟ್ಟ ಸೆನ್ಸರ್ ಇದ್ದರೆ ಎರಡನೆಯದರ ಮೈನಸ್ಸನ್ನು ಆ ತುದಿಗೆ ಕಟ್ಟದೆ ಚಾಸಿಗೆ ಕಟ್ಟಿಸಿ. ವಾರಂಟಿ ಇರುವ ಕಾರಾದರೆ ಮೊದಲು ಕಂಪನಿಯವರನ್ನು ಕೇಳಿ.

ಇನ್ನೊಂದು. ರಿಲೇ ಕರೆಂಟ್ ಹುಟ್ಟಿಸುವುದಿಲ್ಲ. ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರ್ ಓಡಿಸಿದರೆ ಎರಡನೆಯ ಬ್ಯಾಟರಿ ತುಂಬುವುದೇ ಇಲ್ಲ. ಸೀಸದ ಬ್ಯಾಟರಿಗೆ ಕೊನೆಯ ಇಪ್ಪತ್ತು ಪಾಲು ತುಂಬಲು ಗಂಟೆಗಟ್ಟಲೆ ಬೇಕು. ಅರೆಹೊಟ್ಟೆಯಲ್ಲೇ ಇದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಒಂದೆರಡು ವರ್ಷಕ್ಕೆ ಕೈಕೊಡುತ್ತದೆ. ನಾನು ತಿಂಗಳಿಗೊಮ್ಮೆ ರಾತ್ರಿಯಿಡೀ ಪ್ಲಗ್ಗಿನ ಚಾರ್ಜರ್ ಹಾಕುತ್ತೇನೆ. ಊರಿಗೆ ಹೋಗಿಬಂದ ವಾರ ಅದೂ ಬೇಕಾಗುವುದಿಲ್ಲ.

ಅಮ್ಮ ದಸರಾಕ್ಕೆ ಬಂದರು. ಕರೆದುಕೊಂಡು ಬರುವಾಗ ಕಾರು ಹೊರಟ ಕೂಡಲೇ ಕೈ ಎತ್ತಿ ನನ್ನನ್ನೂ ಮಗಳನ್ನೂ ಸುಮ್ಮನಿರಿಸಿದರು. ಬಾನೆಟ್ಟಿನ ಒಳಗೆ 'ಟಕ್' ಎಂದಿತು. "ಹಾಂ, ನಡಿ ಇನ್ನ" ಎಂದರು. ಧಾಬಾ ಬಂದಾಗ ನಾನು ನಿಲ್ಲಿಸದೆ ಹೋಗುತ್ತಿದ್ದೆ, ಅವರೇ ನಿಲ್ಲಿಸೆಂದರು. ಬೇವಿನ ಮರದ ಕೆಳಗೆ ಅದೇ ಮಂಚದಲ್ಲಿ ಒಂದು ಗಂಟೆ ನಿದ್ದೆ ಮಾಡಿದರು. ಮೊಮ್ಮಗಳು ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಳು. ಬರುವ ತಿಂಗಳು ಮತ್ತೆ ಅವರನ್ನು ಕರೆತರಬೇಕು. ಈ ಭಾನುವಾರ ಹಿಂದಿನ ಬ್ಯಾಟರಿ ಚಾರ್ಜಿಗೆ ಹಾಕಬೇಕು, ಫ್ಯೂಸಿನ ತುದಿಗಳನ್ನು ಒಮ್ಮೆ ಬಿಗಿ ಮಾಡಬೇಕು.